ಎರಡು ನುಡಿಯ ರಾಜಧಾನಿಯಲ್ಲಿ ಒಂದು ಹಗಲಿನ ಕಾಲ್ನಡಿಗೆ

ಭೂಗೋಳದ ತರಗತಿಯಲ್ಲಿ ರಾಜಧಾನಿಗಳ ಹೆಸರುಗಳನ್ನು ಬಾಯಿಪಾಠ ಮಾಡುವುದು ವಾಡಿಕೆ. ಫಿನ್‌ಲೆಂಡ್ ಎಂದೊಡನೆ ಹೆಲ್ಸಿಂಕಿ ಎಂದು ನುಡಿದು ವಿದ್ಯಾರ್ಥಿಯು ಕುಳಿತುಬಿಡುತ್ತಾನೆ. ಆ ಹೆಸರಿನ ಹಿಂದೆ ಒಂದು ಜನತೆಯ ನುಡಿಯ ಚರಿತ್ರೆಯೇ ಅಡಗಿದೆ. ಅದನ್ನರಿಯಲು ಆ ನಗರದ ನಕ್ಷೆಯನ್ನು ಮುಂದೆ ಹರಡಿಕೊಂಡು, ಒಂದು ಹಗಲಿನ ಸಂಚಾರಕ್ಕೆ ಹೊರಡೋಣ. ದಾರಿ ಸುಮಾರು ಮೂರು ಕಿಲೋಮೀಟರು ಮಾತ್ರ. ಅರವತ್ತನೆಯ ಉತ್ತರ ಅಕ್ಷಾಂಶದ ಬಳಿಯ ಊರಾದುದರಿಂದ ಜೂನ್ ತಿಂಗಳಿನಲ್ಲಿ ಹಗಲು ಅಲ್ಲಿ ಸುಮಾರು ೧೯ ಗಂಟೆಗಳಷ್ಟು ದೀರ್ಘ. ನಿಂತು ನೋಡಲು ಹೊತ್ತಿಗೆ ಕೊರತೆಯಿಲ್ಲ.

ನಮ್ಮ ಸಂಚಾರವು ಕೇಂದ್ರ ರೈಲು ನಿಲ್ದಾಣದಿಂದ ಪ್ರಾರಂಭವಾಗುತ್ತದೆ. ಎಲಿಯೆಲ್ ಸಾರಿನೆನ್ ಎಂಬ ಶಿಲ್ಪಿ ರಚಿಸಿದ ಈ ಕಟ್ಟಡವು ೧೯೧೯ರಲ್ಲಿ ತೆರೆಯಿತು. ಬಾಗಿಲಿನ ಇಕ್ಕೆಲಗಳಲ್ಲಿ ಕೈಯಲ್ಲಿ ದೀಪಗೋಲಗಳನ್ನು ಹಿಡಿದ ದೈತ್ಯಾಕಾರದ ಶಿಲಾಪುರುಷರು ನಿಂತಿದ್ದಾರೆ. ಆದರೆ ಅವರಿಗಿಂತ ಮೊದಲು ಬೀದಿಯ ಹೆಸರಿನ ಫಲಕವನ್ನು ಗಮನಿಸಬೇಕು. ಅದರಲ್ಲಿ ಎರಡು ಸಾಲುಗಳಿವೆ: ಒಂದು ಫಿನ್ನಿಷ್, ಇನ್ನೊಂದು ಸ್ವೀಡಿಷ್. ಇವು ಸೋದರ ಭಾಷೆಗಳಲ್ಲ. ಸ್ವೀಡಿಷ್ ನಮ್ಮ ಮರಾಠಿ, ಹಿಂದಿಗಳಂತೆ ಇಂಡೋ-ಯುರೋಪಿಯನ್ ಕುಲದ್ದು. ಫಿನ್ನಿಷ್ ಉರಾಲಿಕ್ ಎಂಬ ಬೇರೆ ಕುಲದ್ದು. ಕನ್ನಡಕ್ಕೂ ಅದಕ್ಕೂ ನಂಟಿಲ್ಲದಿದ್ದರೂ ಪ್ರತ್ಯಯಗಳನ್ನು ಪದದ ಕೊನೆಗೆ ಹಚ್ಚುವ ಕ್ರಮವು ನಮಗೆ ಪರಿಚಿತವೆನಿಸುತ್ತದೆ. ‘ತಾಲೊ’ ಎಂದರೆ ಮನೆ, ‘ತಾಲೊಸ್ಸ’ ಮನೆಯಲ್ಲಿ, ‘ತಾಲೊಸ್ತ’ ಮನೆಯಿಂದ.

ನಿಲ್ದಾಣದ ಪಕ್ಕದ ಚೌಕದಲ್ಲಿ ೧೯೦೨ರಲ್ಲಿ ಕಟ್ಟಿದ ರಾಷ್ಟ್ರೀಯ ನಾಟಕಮಂದಿರವಿದೆ. ಅದರ ಮುಂದೆ ತಲೆ ಬಾಗಿಸಿ ಕುಳಿತಿರುವ ಪ್ರತಿಮೆಯು ಅಲೆಕ್ಸಿಸ್ ಕಿವಿಯದು. ೧೮೭೦ರಲ್ಲಿ ಪ್ರಕಟವಾದ ಆತನ ‘ಏಳು ಸಹೋದರರು’ ಫಿನ್ನಿಷ್ ಭಾಷೆಯ ಮೊದಲ ಮಹತ್ವದ ಕಾದಂಬರಿ. ಓದು ಕಲಿಯಲು ಒಲ್ಲದೆ ಕಾಡಿಗೆ ಓಡಿಹೋದ ಸೋದರರು ಕಡೆಗೆ ಅಕ್ಷರ ಕಲಿತು ಊರಿಗೆ ಮರಳುವ ಕಥೆ ಅದು. ಪಂಡಿತರೊಬ್ಬರಿಂದ ಅದಕ್ಕೆ ಕಟುವಾದ ನಿಂದೆ ಬಂದಿತು. ೧೮೭೨ರಲ್ಲಿ ಕಿವಿಯು ಬಡತನದಲ್ಲಿಯೇ, ೩೮ ವರ್ಷ ವಯಸ್ಸಿನಲ್ಲಿ, ತೀರಿಕೊಂಡನು. ಈ ಪ್ರತಿಮೆ ನಿಂತದ್ದು ೧೯೩೯ರಲ್ಲಿ.

ಇಲ್ಲಿಂದ ದಕ್ಷಿಣಕ್ಕೆ ಇಳಿದು, ಅಲೆಕ್ಸಾಂಡರ್ ಬೀದಿಯನ್ನು ಹಿಡಿದು ಪೂರ್ವಕ್ಕೆ ನಡೆದರೆ ಸೆನೆಟ್ ಚೌಕ. ಈ ಬೀದಿಗೆ ಫಿನ್ನಿಷಿನಲ್ಲಿ ‘ಕಾತು’ ಎಂದೂ ಸ್ವೀಡಿಷಿನಲ್ಲಿ ‘ಗಾಟಾ’ ಎಂದೂ ಹೆಸರು; ಮೊದಲನೆಯ ಶಬ್ದವು ಎರಡನೆಯದರಿಂದಲೇ ಎರವಲಾಗಿ ಬಂದುದು. ಚೌಕದ ಉತ್ತರಕ್ಕೆ ಎತ್ತರವಾದ ಮೆಟ್ಟಿಲುಗಳ ಮೇಲೆ ೧೮೫೨ರಲ್ಲಿ ಪೂರ್ಣಗೊಂಡ ಬಿಳಿಯ ಪ್ರಧಾನ ದೇವಾಲಯ, ಪಶ್ಚಿಮಕ್ಕೆ ವಿಶ್ವವಿದ್ಯಾಲಯ, ಪೂರ್ವಕ್ಕೆ ಸರಕಾರದ ಸೌಧ. ಇವೆಲ್ಲ ಬರ್ಲಿನ್ನಿನಲ್ಲಿ ಜನಿಸಿದ ಎಂಗೆಲ್ ಎಂಬ ಶಿಲ್ಪಿಯ ಯೋಜನೆ. ಶತಮಾನಗಳ ಕಾಲ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದ ಈ ನಾಡು ೧೮೦೯ರಲ್ಲಿ ರಷ್ಯದ ಚಕ್ರವರ್ತಿಯ ಕೈಸೇರಿತು. ೧೮೧೨ರಲ್ಲಿ ಹೆಲ್ಸಿಂಕಿ ರಾಜಧಾನಿಯಾಯಿತು. ರಾಜ್ಯ ಬದಲಾದರೂ ಕಚೇರಿಯ ಮತ್ತು ಉನ್ನತ ಶಿಕ್ಷಣದ ಭಾಷೆ ಸ್ವೀಡಿಷ್ ಆಗಿಯೇ ಉಳಿಯಿತು. ಬಹುಸಂಖ್ಯಾತ ರೈತಜನರ ಫಿನ್ನಿಷಿಗೆ ಅಲ್ಲಿ ಪ್ರವೇಶವಿರಲಿಲ್ಲ.

ಚೌಕದ ನಡುವೆ ಎರಡನೆಯ ಅಲೆಕ್ಸಾಂಡರನ ಪ್ರತಿಮೆಯಿದೆ. ಪರಚಕ್ರವರ್ತಿಯ ಪ್ರತಿಮೆಯನ್ನು ಸ್ವತಂತ್ರರಾದ ಮೇಲೂ ಜನ ಏಕೆ ಉಳಿಸಿಕೊಂಡರೆಂದು ವಿದ್ಯಾರ್ಥಿಗಳು ಕೇಳಬಹುದು. ಒಂದು ಕಾರಣವನ್ನು ೧೮೬೩ರ ಆತನ ಭಾಷಾಶಾಸನದಲ್ಲಿ ಕಾಣಬಹುದು. ಫಿನ್ನಿಷ್ ಮಾತನಾಡುವ ಪ್ರಜೆಗಳ ವ್ಯವಹಾರಗಳಲ್ಲಿ ಅವರ ಭಾಷೆಗೆ ಇಪ್ಪತ್ತು ವರ್ಷಗಳೊಳಗಾಗಿ ಸಮಾನಸ್ಥಾನ ದೊರೆಯಬೇಕೆಂದು ಅದು ವಿಧಿಸಿತು. ಅದಕ್ಕಾಗಿ ಶ್ರಮಿಸಿದ ಸ್ನೆಲ್ಮನ್ ಎಂಬ ತತ್ತ್ವಜ್ಞಾನಿಯ ಪ್ರತಿಮೆಯು ಹತ್ತಿರದಲ್ಲಿಯೇ ಫಿನ್‌ಲೆಂಡ್ ಬ್ಯಾಂಕಿನ ಮುಂದಿದೆ. ಅದರ ಪೀಠದಲ್ಲಿ ೧೯೪೪ರ ಬಾಂಬುದಾಳಿಯ ಗಾಯಗಳನ್ನು ಇಂದಿಗೂ ಕಾಣಬಹುದು. ಸ್ನೆಲ್ಮನ್ನನ ಮಾತೃಭಾಷೆ ಸ್ವೀಡಿಷ್ ಎಂಬುದನ್ನು ಮರೆಯಬಾರದು. ನೆರೆಯವನ ನುಡಿಗಾಗಿ ವಾದಿಸಿದವನು ಆತ.

ದಕ್ಷಿಣಕ್ಕೆ ಇಳಿದರೆ ಸಮುದ್ರದಂಚಿನ ಸಂತೆಚೌಕ. ಅಲ್ಲಿ ಬುತ್ತಿ ಬಿಚ್ಚಿ, ಬಳಿಕ ಪಶ್ಚಿಮಕ್ಕೆ ಎಸ್ಪ್ಲನಾಡಿ ಎಂಬ ಉದ್ಯಾನದೊಳಗೆ ನಡೆಯೋಣ. ನಡುವೆ ಕವಿ ರೂನೆಬೆರ್ಗನ ಪ್ರತಿಮೆ, ೧೮೮೫ರದು. ಇದನ್ನೂ ಚೌಕದಲ್ಲಿ ಕಂಡ ಚಕ್ರವರ್ತಿಯ ಪ್ರತಿಮೆಯನ್ನೂ ರೂಪಿಸಿದವನು ಕವಿಯ ಮಗ ವಾಲ್ಟರ್. ಫಿನ್‌ಲೆಂಡಿನ ರಾಷ್ಟ್ರಗೀತೆಯನ್ನು ರೂನೆಬೆರ್ಗ್ ರಚಿಸಿದ್ದು ಸ್ವೀಡಿಷಿನಲ್ಲಿ. ಫಿನ್ನಿಷ್ ಪಾಠವು ಅದರ ಅನುವಾದ. ಉದ್ಯಾನದ ತುದಿಯಲ್ಲಿರುವ ಸ್ವೀಡಿಷ್ ನಾಟಕಮಂದಿರದಲ್ಲಿ ಇಂದಿಗೂ ಆ ಭಾಷೆಯ ನಾಟಕಗಳು ನಡೆಯುತ್ತವೆ.

ಇಲ್ಲಿಂದ ಉತ್ತರಕ್ಕೆ ತಿರುಗಿ ಮಾನರ್‌ಹೈಮ್ ಹೆದ್ದಾರಿಯಲ್ಲಿ ನಡೆದರೆ ೧೯೩೧ರಲ್ಲಿ ತೆರೆದ ಕಗ್ಗಲ್ಲಿನ ಸಂಸತ್ ಭವನ. ೧೯೧೭ರಲ್ಲಿ ಸ್ವತಂತ್ರವಾದ ಈ ದೇಶವು ೧೯೧೯ರ ಸಂವಿಧಾನದಲ್ಲಿ ಎರಡನ್ನೂ ರಾಷ್ಟ್ರಭಾಷೆಗಳೆಂದು ಸಾರಿತು. ಇದರಿಂದ ಕಲಹವು ಮುಗಿಯಿತೆಂದಲ್ಲ. ವಿಶ್ವವಿದ್ಯಾಲಯದ ಬೋಧನಾಭಾಷೆಯ ಕುರಿತು ಮುಂದಿನ ಎರಡು ದಶಕಗಳಲ್ಲಿ ತೀವ್ರವಾದ ವಾಗ್ವಾದ ನಡೆಯಿತು. ೧೯೩೭ರ ಕಾನೂನು ಫಿನ್ನಿಷಿಗೆ ಪ್ರಥಮಸ್ಥಾನವನ್ನಿತ್ತು, ಸ್ವೀಡಿಷಿಗೆ ಕೆಲವು ಪ್ರಾಧ್ಯಾಪಕಪೀಠಗಳನ್ನು ಕಾದಿರಿಸಿತು. ಇಂದಿನ ಕಾನೂನಿನಂತೆ ಒಂದು ಪುರಸಭೆಯ ಪ್ರದೇಶದಲ್ಲಿ ಅಲ್ಪಸಂಖ್ಯಾತ ಭಾಷಿಕರು ನೂರಕ್ಕೆ ೮ ಮಂದಿ ಅಥವಾ ಒಟ್ಟು ೩,೦೦೦ ಮಂದಿ ಇದ್ದರೆ ಅದು ದ್ವಿಭಾಷಾ ಪುರಸಭೆ. ಹೆಲ್ಸಿಂಕಿಯಲ್ಲಿ ಸ್ವೀಡಿಷ್ ಭಾಷಿಕರು ನೂರಕ್ಕೆ ಐದಾರು ಮಂದಿ ಮಾತ್ರ. ಎರಡನೆಯ ಲೆಕ್ಕದಿಂದಲೇ ಅವರ ಹಕ್ಕು ನಿಂತಿದೆ. ಅವರ ಮಾಧ್ಯಮದ ಶಾಲೆಗಳೂ ನಡೆಯುತ್ತಿವೆ.

ಸಂಸತ್ತಿನ ಎದುರಿಗೇ ಓದಿ ಎಂಬ ಸಾರ್ವಜನಿಕ ಗ್ರಂಥಾಲಯವಿದೆ. ಸ್ವಾತಂತ್ರ್ಯದಿನದ ಮುನ್ನಾದಿನ, ೨೦೧೮ರ ಡಿಸೆಂಬರ್ ೫ರಂದು, ಅದು ತೆರೆಯಿತು. ಹೆಸರು ನಮ್ಮ ಕಿವಿಗೆ ಕನ್ನಡವೆನಿಸಿದರೂ ಅದರ ಅರ್ಥ ‘ಸ್ತುತಿಗೀತೆ’ ಎಂದು. ಅಲ್ಲಿಂದ ನಿಲ್ದಾಣವು ಕೂಗಳತೆಯ ದೂರ.

ಈ ಸಂಚಾರದಿಂದ ಎರಡು ಸಂಗತಿಗಳನ್ನು ಮನಗಾಣಬಹುದು. ಬಹುಜನರ ನುಡಿಯೂ ಶಾಲೆ, ಕಚೇರಿ, ಗ್ರಂಥಗಳಿಲ್ಲದೆ ಮೇಲೇಳಲಾರದು. ಸ್ವಲ್ಪ ಜನರ ನುಡಿಯು ಕೇವಲ ಅಭಿಮಾನದಿಂದ ಉಳಿಯಲಾರದು. ಅದಕ್ಕೆ ಕಾನೂನಿನ ಆಸರೆಯೂ, ಅದನ್ನು ನಿತ್ಯ ಬಳಸುವ ಮಕ್ಕಳೂ ಬೇಕು. ಗಡಿನಾಡಿನ ಕನ್ನಡ ಶಾಲೆಯ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಭ್ಯಾಸ: ರಜೆಯಲ್ಲಿ ನಿಮ್ಮ ಊರಿನ ಒಂದು ಬೀದಿಯನ್ನು ತುದಿಯಿಂದ ತುದಿಯವರೆಗೆ ನಡೆಯಿರಿ. ಫಲಕಗಳು ಯಾವ ಯಾವ ಲಿಪಿಯಲ್ಲಿವೆಯೆಂದು ಎಣಿಸಿ, ಟಿಪ್ಪಣಿಯ ಪುಸ್ತಕದಲ್ಲಿ ಬರೆಯಿರಿ. ಹಳೆಯ ಫಲಕಗಳು ಹೇಗಿದ್ದುವೆಂದು ಮನೆಯ ಹಿರಿಯರನ್ನು ಕೇಳಿ, ಅದನ್ನೂ ಬರೆದಿಡಿರಿ.