ಚಿಕ್ಕ ಸಾಧನ, ಸರಿಯಾದ ಆಯ್ಕೆ

ಮಕ್ಕಳೇ, ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಆ ಮನೆಯಲ್ಲಿ ಇರುವುದು ಎರಡೇ ಕೋಣೆ. ಒಂದು ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಇದೆ. ಹತ್ತನೆಯ ಇಯತ್ತೆಯ ಅಕ್ಕ ರಾತ್ರಿ ಅದರಲ್ಲಿ ಗಣಿತದ ಪಾಠ ಕೇಳುತ್ತಾಳೆ. ಪಕ್ಕದಲ್ಲಿಯೇ ಅಜ್ಜಿ ಮಲಗಿರುತ್ತಾರೆ. ಸ್ಪೀಕರ್ ಹಚ್ಚಿದರೆ ಅಜ್ಜಿಗೆ ನಿದ್ದೆ ಬಾರದು. ಹಚ್ಚದಿದ್ದರೆ ಅಕ್ಕನಿಗೆ ಪಾಠ ಕೇಳಿಸದು. ಮಾಮಾ ಕೊಟ್ಟ ಬ್ಲೂಟೂತ್ ಹೆಡ್‌ಫೋನ್ ಮನೆಯಲ್ಲಿದೆ. ಅದು ಮೊಬೈಲಿಗೆ ಕೂಡುತ್ತದೆ, ಆದರೆ ಈ ಕಂಪ್ಯೂಟರಿಗೆ ಕೂಡುವುದಿಲ್ಲ.

“ಪೇಟೆಯಿಂದ ಒಂದು ಅಡಾಪ್ಟರ್ ತರೋಣ. ಎಂಥದು ತರಬೇಕು, ನೀನೇ ತಿಳಿದುಕೊಂಡು ಹೇಳು” ಎಂದು ಅಪ್ಪ ಹೇಳುತ್ತಾರೆ. ತಪ್ಪು ವಸ್ತು ತಂದರೆ ದುಡ್ಡೂ ಹೋಯಿತು, ಅಕ್ಕನ ಪಾಠವೂ ನಿಂತಿತು. ಆ ಮನೆಯ ಮಗು ನೀವೇ ಎಂದು ತಿಳಿಯಿರಿ. ಅಪ್ಪನಿಗೆ ಏನು ಹೇಳುವಿರಿ? ಬನ್ನಿರಿ, ಒಂದೊಂದಾಗಿ ವಿಚಾರ ಮಾಡೋಣ.

ಹೆಸರಿನ ಕಥೆ

‘ಬ್ಲೂಟೂತ್’ ಎಂದರೆ ‘ನೀಲಿ ಹಲ್ಲು’. ನಗು ಬಂತೇ? ಇದು ಒಬ್ಬ ಅರಸನ ಅಡ್ಡ ಹೆಸರು. 10ನೆಯ ಶತಮಾನದಲ್ಲಿ ಡೆನ್ಮಾರ್ಕ್ ದೇಶವನ್ನು ಹರಾಲ್ಡ್ ಎಂಬ ಅರಸನು ಆಳುತ್ತಿದ್ದನು. ಬೇರೆ ಬೇರೆಯಾಗಿದ್ದ ಜನರನ್ನು ಅವನು ಒಂದುಗೂಡಿಸಿದನೆಂದು ಹೇಳುತ್ತಾರೆ. ಬೇರೆ ಬೇರೆ ಯಂತ್ರಗಳನ್ನು ಒಂದುಗೂಡಿಸುವ ವಿದ್ಯೆಗೆ ಅವನ ಹೆಸರನ್ನೇ ಇಟ್ಟರು. 1998ರಲ್ಲಿ ಎರಿಕ್ಸನ್, ಇಂಟೆಲ್, ನೋಕಿಯಾ, ತೋಷಿಬಾ ಮತ್ತು ಐ.ಬಿ.ಎಂ. ಎಂಬ ಐದು ಕಂಪನಿಗಳು ಸೇರಿ ಇದಕ್ಕಾಗಿ ಒಂದು ಸಂಘವನ್ನು ಕಟ್ಟಿದವು. ನೀವು ನೋಡುವ ನೀಲಿ ಗುರುತು ಆ ಅರಸನ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ಲಿಪಿಯಲ್ಲಿ ಕೂಡಿಸಿ ಮಾಡಿದ್ದು.

ತಂತಿಯಿಲ್ಲದೆ ಮಾತು ಹೇಗೆ?

ಬ್ಲೂಟೂತ್ ಒಂದು ಬಗೆಯ ರೇಡಿಯೋ. ಇದರ ಅಲೆಗಳು 2.4 ಗಿಗಾಹರ್ಟ್ಸ್ ಎಂಬ ಪಟ್ಟಿಯಲ್ಲಿ ಸಾಗುತ್ತವೆ. ಅನೇಕ ವೈ-ಫೈ ಸಾಧನಗಳೂ ಇದೇ ಪಟ್ಟಿಯನ್ನು ಬಳಸುತ್ತವೆ. ಹಾಗಾದರೆ ಗದ್ದಲವಾಗದೇ?

ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯನ್ನು ನೆನೆಯಿರಿ. ಒಂದೇ ಕಡೆ ನಿಂತರೆ ಗದ್ದಲದಲ್ಲಿ ಮಾತು ಕೇಳಿಸದು. ಇಬ್ಬರು ಗೆಳೆಯರು ಮೊದಲೇ ಮಾತಾಡಿಕೊಂಡು, ಜೊತೆಯಾಗಿಯೇ ಜಾಗ ಬದಲಿಸುತ್ತ ಹೋದರೆ? ಒಂದು ಕಡೆ ಕೇಳಿಸದ ಮಾತು ಇನ್ನೊಂದು ಕಡೆ ಕೇಳಿಸುತ್ತದೆ. ಹೆಡ್‌ಫೋನಿಗೆ ಧ್ವನಿ ಕಳಿಸುವಾಗ ಬ್ಲೂಟೂತ್ ಹೀಗೆಯೇ ಮಾಡುತ್ತದೆ. ತನ್ನ 79 ದಾರಿಗಳಲ್ಲಿ ಸೆಕೆಂಡಿಗೆ 1600 ಸಲದವರೆಗೆ ದಾರಿ ಬದಲಿಸುತ್ತದೆ!

ಈ ರೇಡಿಯೋ ಇಲ್ಲದ ಕಂಪ್ಯೂಟರಿಗೆ ಅದನ್ನು ಕೊಡುವ ಚಿಕ್ಕ ಸಾಧನವೇ ಅಡಾಪ್ಟರ್. ಇದು ಹೆಬ್ಬೆರಳಿನ ಉಗುರಿನಷ್ಟು ಇರಬಹುದು. ಯು.ಎಸ್.ಬಿ. ಕಿಂಡಿಯಲ್ಲಿ ಇದನ್ನು ಸಿಕ್ಕಿಸಬೇಕು.

ಕೊಳ್ಳುವ ಮುನ್ನ

ಮೊದಲನೆಯದಾಗಿ, ಅದು ನಿಜವಾಗಿಯೂ ಬೇಕೇ ಎಂದು ನೋಡಿರಿ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಬ್ಲೂಟೂತ್ ಒಳಗೇ ಇರುತ್ತದೆ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ‘ಡಿವೈಸ್ ಮ್ಯಾನೇಜರ್’ ತೆರೆದು, ಪಟ್ಟಿಯಲ್ಲಿ ಬ್ಲೂಟೂತ್ ಹೆಸರು ಇದೆಯೋ ಎಂದು ಹುಡುಕಿರಿ. ಇದ್ದರೆ ದುಡ್ಡು ಉಳಿಯಿತು!

ಎರಡನೆಯದಾಗಿ, ಪೊಟ್ಟಣದ ಮೇಲಿನ ಬರಹವನ್ನು ಓದಿರಿ. ಬ್ಲೂಟೂತ್ ಆಡಿಯೋ ರಿಸೀವರ್ ಎಂಬ ಇನ್ನೊಂದು ವಸ್ತು ಅಂಗಡಿಯಲ್ಲಿ ಸಿಗುತ್ತದೆ. ಅದು ಮೊಬೈಲಿನ ಹಾಡನ್ನು ಹಳೆಯ ಸ್ಪೀಕರಿಗೆ ಕಳಿಸಲು ಇರುವಂಥದು. ಕೆಲವು ರಿಸೀವರುಗಳು ನೋಡಲು ಅಡಾಪ್ಟರಿನಂತೆಯೇ ಇರುತ್ತವೆ. ಅವು ಯು.ಎಸ್.ಬಿ. ಕಿಂಡಿಯಿಂದ ವಿದ್ಯುತ್ತನ್ನು ಮಾತ್ರ ಪಡೆಯುತ್ತವೆ. ಕಂಪ್ಯೂಟರಿಗೆ ಬ್ಲೂಟೂತ್ ಕೊಡುವುದಿಲ್ಲ. ಬಹಳ ಜನ ಮೋಸ ಹೋಗುವುದು ಇಲ್ಲಿಯೇ.

ಮೂರನೆಯದಾಗಿ, ನಿಮ್ಮ ಕಂಪ್ಯೂಟರ್ ಯಾವ ವ್ಯವಸ್ಥೆಯಲ್ಲಿ ನಡೆಯುತ್ತದೆ ಎಂದು ತಿಳಿಯಿರಿ. ವಿಂಡೋಸ್ 10 ಅಥವಾ 11 ಇದ್ದರೆ ಅನೇಕ ಅಡಾಪ್ಟರುಗಳು ಸಿಕ್ಕಿಸಿದ ಕೂಡಲೇ ಕೆಲಸ ಮಾಡುತ್ತವೆ. ವಿಂಡೋಸ್ 7 ಇದ್ದರೆ ಡ್ರೈವರ್ ಎಂಬ ಸಹಾಯಕ ತಂತ್ರಾಂಶ ಬೇಕಾಗಬಹುದು. ಕೆಲವು ಹೊಸ ಅಡಾಪ್ಟರುಗಳು ಅದರಲ್ಲಿ ನಡೆಯುವುದೇ ಇಲ್ಲ. ಲಿನಕ್ಸ್ ಇದ್ದರೆ, ಆ ಅಡಾಪ್ಟರ್ ಲಿನಕ್ಸಿಗೆ ಹೊಂದುವುದೇ ಎಂದು ಮೊದಲೇ ಕೇಳಿರಿ.

ನಾಲ್ಕನೆಯದಾಗಿ, ಆವೃತ್ತಿಯ ಸಂಖ್ಯೆಯನ್ನು ನೋಡಿರಿ. 4.0 ಆವೃತ್ತಿ 2010ರಲ್ಲಿ, 5.0 ಆವೃತ್ತಿ 2016ರಲ್ಲಿ ಬಂದವು. ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಹೊಸ ಮೌಸ್, ಕೀಲಿಮಣೆಗಳಿಗೆ 4.0 ಅಥವಾ ಮುಂದಿನದು ಬೇಕು. ಹೊಸ ಅಡಾಪ್ಟರ್ ಸಾಮಾನ್ಯವಾಗಿ ಹಳೆಯ ಹೆಡ್‌ಫೋನಿನೊಡನೆಯೂ ಕೂಡುತ್ತದೆ. ಆದರೆ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಹಳೆಯ ಹೆಡ್‌ಫೋನಿಗೆ ಹೊಸ ಗುಣ ಬರುವುದಿಲ್ಲ.

ಐದನೆಯದಾಗಿ, ದೂರವನ್ನು ವಿಚಾರಿಸಿರಿ. ಎರಡನೆಯ ವರ್ಗದ ಅಡಾಪ್ಟರ್ ಸುಮಾರು 10 ಮೀಟರ್, ಒಂದನೆಯ ವರ್ಗದ್ದು ಬಯಲಿನಲ್ಲಿ ಸುಮಾರು 100 ಮೀಟರ್ ಮುಟ್ಟಬಹುದು. ಗೋಡೆ ಅಡ್ಡ ಬಂದರೆ ದೂರ ಕಡಿಮೆಯಾಗುತ್ತದೆ. ಇನ್ನೊಂದು ಮಾತು: ನೀವು ಮೈಕಿನಲ್ಲಿ ಕೂಗಿದರೆ ದೂರದ ಗೆಳೆಯನಿಗೆ ಕೇಳಿಸುತ್ತದೆ. ಅವನು ಮೆಲ್ಲಗೆ ಉತ್ತರ ಕೊಟ್ಟರೆ ನಿಮಗೆ ಕೇಳಿಸುವುದೇ? ಹೆಡ್‌ಫೋನ್ 10 ಮೀಟರಿನದಾದರೆ, ದುಬಾರಿ ಅಡಾಪ್ಟರ್ ತಂದರೂ 100 ಮೀಟರ್ ಸಿಗದು.

ಎಲ್ಲಿ ಸಿಕ್ಕಿಸಬೇಕು?

ಕಂಪ್ಯೂಟರಿನ ಹಿಂಬದಿಯಲ್ಲಿ ಸಿಕ್ಕಿಸಿದರೆ ಲೋಹದ ಪೆಟ್ಟಿಗೆ ಅಲೆಗಳಿಗೆ ಅಡ್ಡವಾಗುತ್ತದೆ. ಯು.ಎಸ್.ಬಿ. 3.0 ಕಿಂಡಿಗಳು ಅನೇಕ ಕಡೆ ನೀಲಿ ಬಣ್ಣದವು. ಅವುಗಳಲ್ಲಿ ಬೇರೆ ಸಾಧನ ಕೆಲಸ ಮಾಡುತ್ತಿದ್ದರೆ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೇ ಸ್ವಲ್ಪ ಗದ್ದಲ ಏಳುತ್ತದೆ. ಆದ್ದರಿಂದ ಅಡಾಪ್ಟರನ್ನು ಅವುಗಳಿಂದ ದೂರ, ಮುಂಬದಿಯಲ್ಲಿ ಸಿಕ್ಕಿಸಿರಿ. ಧ್ವನಿ ತುಂಡು ತುಂಡಾಗಿ ಬಂದರೆ ಯು.ಎಸ್.ಬಿ. ವಿಸ್ತರಣೆ ತಂತಿ ಹಾಕಿ, ಅಡಾಪ್ಟರನ್ನು ಮೇಜಿನ ಮೇಲೆ ಇಡಿರಿ.

ಆಮೇಲೆ ಎರಡೂ ಸಾಧನಗಳನ್ನು ಜೋಡಿ ಮಾಡಬೇಕು. ಪರದೆಯ ಮೇಲೆ ಕಾಣುವ ಹೆಸರು ನಿಮ್ಮ ಹೆಡ್‌ಫೋನಿನದೇ ಎಂದು ನೋಡಿ ಒಪ್ಪಿಗೆ ಕೊಡಿರಿ. ಗೊತ್ತಿಲ್ಲದ ಸಾಧನಕ್ಕೆ ಎಂದೂ ಒಪ್ಪಿಗೆ ಕೊಡಬೇಡಿರಿ.

ಈಗ ಅಪ್ಪನಿಗೆ ಏನು ಹೇಳುವಿರಿ? ಎರಡು ಕೋಣೆಯ ಮನೆಗೆ 10 ಮೀಟರ್ ಸಾಕು. ಕಂಪ್ಯೂಟರಿಗೆ ಹೊಂದುವ ಸಾದಾ ಅಡಾಪ್ಟರ್ ಸಾಕು. ಹೊಂದದಿದ್ದರೆ ಮರಳಿ ತೆಗೆದುಕೊಳ್ಳುವಿರಾ ಎಂದು ಅಂಗಡಿಯವರನ್ನು ಕೇಳಿ, ರಸೀದಿ ಪಡೆಯಬೇಕು. ಅಕ್ಕ ಕಂಪ್ಯೂಟರಿನ ಮುಂದೆಯೇ ಕುಳಿತು ಕೇಳುವುದಾದರೆ ತಂತಿಯ ಇಯರ್‌ಫೋನ್ ಕೂಡ ಸಾಕು ಎಂಬುದನ್ನೂ ಹೇಳಿರಿ. ನಮ್ಮ ಅಗತ್ಯಕ್ಕೆ ತಕ್ಕದ್ದೇ ಒಳ್ಳೆಯ ವಸ್ತು. ಅಕ್ಕ ಪಾಠ ಕೇಳಲಿ, ಅಜ್ಜಿ ನಿಶ್ಚಿಂತೆಯಿಂದ ಮಲಗಲಿ.

ಶಬ್ದಾರ್ಥ

ಇಯತ್ತೆ – ತರಗತಿ
ಆವೃತ್ತಿ – ತಿದ್ದಿ ಹೊರತಂದ ರೂಪ
ನಿಶ್ಚಿಂತೆ – ಚಿಂತೆ ಇಲ್ಲದಿರುವುದು

ಸ್ವಾಧ್ಯಾಯ

1. ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
ಅ) ಬ್ಲೂಟೂತ್ ಎಂಬ ಹೆಸರು ಯಾರಿಂದ ಬಂದಿತು?
ಆ) ಬ್ಲೂಟೂತ್ ಯಾವ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ?

2. ಕಾರಣ ಕೊಡಿರಿ.
ಅ) ಪೊಟ್ಟಣದ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು.
ಆ) ಅಡಾಪ್ಟರನ್ನು ಕಂಪ್ಯೂಟರಿನ ಹಿಂಬದಿಯಲ್ಲಿ ಸಿಕ್ಕಿಸಬಾರದು.

ಉಪಕ್ರಮ

ನಿಮ್ಮ ಮನೆಗೆ ಬೇಕಾದ ಒಂದು ವಸ್ತುವನ್ನು ಆರಿಸಿರಿ. ಅದನ್ನು ಕೊಳ್ಳುವ ಮುನ್ನ ಕೇಳಬೇಕಾದ ಐದು ಪ್ರಶ್ನೆಗಳನ್ನು ಬರೆದು ವರ್ಗದಲ್ಲಿ ಓದಿ ತೋರಿಸಿರಿ.