ಹಳೆಯ ಗಣಕಯಂತ್ರದಲ್ಲಿ ಚಿತ್ರಗಳನ್ನು ಬೇಗನೆ ನೋಡುವ ಬಗೆ

ತಮಿಳುನಾಡು ಸರ್ಕಾರವು ೨೦೧೧ರಲ್ಲಿ ವಿದ್ಯಾರ್ಥಿಗಳಿಗೆ ಉಚಿತವಾಗಿ ಲ್ಯಾಪ್‌ಟಾಪ್ ಹಂಚುವ ಯೋಜನೆಯನ್ನು ಆರಂಭಿಸಿತು. ಅಣ್ಣನೋ ಅಕ್ಕನೋ ಅಂದು ಪಡೆದ ಯಂತ್ರವು ಇಂದು ತಮ್ಮತಂಗಿಯರ ಕೈಗೆ ಬಂದಿರುವ ಮನೆಗಳು ದಿಂಡಿಗಲ್, ತೇನಿ, ಕಂಬಂ ಸೀಮೆಗಳಲ್ಲಿಯೂ ಉಂಟು. ಅದರಲ್ಲಿ ಮದುವೆಯ ಚಿತ್ರಗಳನ್ನು ನೋಡಲು ಕುಳಿತರೆ, ಒಂದೊಂದು ಚಿತ್ರವು ಪರದೆಗೆ ಬರುವಷ್ಟರಲ್ಲಿ ನಮ್ಮ ತಾಳ್ಮೆಯೇ ತೀರುತ್ತದೆ. ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಕಾರಣವನ್ನು ವಿಚಾರಿಸೋಣ.

ಚಿತ್ರವೆಂದರೆ ಪಿಕ್ಸೆಲ್ ಎಂಬ ಬಣ್ಣದ ಚುಕ್ಕೆಗಳ ಸಮೂಹ. ಅಡ್ಡ ೪೦೦೦, ಉದ್ದ ೩೦೦೦ ಚುಕ್ಕೆಗಳಿರುವ ಚಿತ್ರದಲ್ಲಿ ಒಟ್ಟು ೧,೨೦,೦೦,೦೦೦ ಚುಕ್ಕೆಗಳಿರುತ್ತವೆ. ೧೯೯೨ರಲ್ಲಿ ಮಾನ್ಯವಾದ ಜೆಪೆಗ್ ಪದ್ಧತಿಯು ಇದನ್ನು ಅಡಕಗೊಳಿಸಿ ಡಿಸ್ಕಿನಲ್ಲಿ ಕೆಲವೇ ಎಂಬಿಗಳಷ್ಟು ಸ್ಥಳದಲ್ಲಿ ಇಡುತ್ತದೆ. ಆದರೆ ನೋಡುವಾಗ ಅದನ್ನು ಬಿಡಿಸಲೇಬೇಕು. ಚುಕ್ಕೆಯೊಂದಕ್ಕೆ ೩ ಬೈಟುಗಳಂತೆ ೩,೬೦,೦೦,೦೦೦ ಬೈಟುಗಳು ಸ್ಮರಣೆಯನ್ನು ತುಂಬುತ್ತವೆ. ೧೩೬೬ಕ್ಕೆ ೭೬೮ರ ಪರದೆಯಲ್ಲಾದರೋ ಇರುವುದು ೧೦,೪೯,೦೮೮ ಚುಕ್ಕೆಗಳು ಮಾತ್ರ. ಹನ್ನೊಂದು ಪಾಲಿಗೂ ಮೀರಿ ದುಡಿದು ಒಂದು ಪಾಲನ್ನು ತೋರಿಸುವಂತಾಯಿತು!

ಕಂಬಂ ಕಣಿವೆಯ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ೧೮೯೫ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಸುರಂಗದ ಮೂಲಕ ಕಣಿವೆಗೆ ಇಳಿಯುತ್ತದೆ. ಸುರಂಗವು ಹಿಡಿಯುವಷ್ಟೇ ನೀರು ಗದ್ದೆಗೆ ಬರುವುದಲ್ಲದೆ, ಗದ್ದೆಯನ್ನು ಅಗಲಿಸಿದ ಮಾತ್ರಕ್ಕೆ ನೀರು ಹೆಚ್ಚದು. ಗಣಕಯಂತ್ರದಲ್ಲಿಯೂ ಇಕ್ಕಟ್ಟು ಎಲ್ಲಿದೆಯೆಂದು ಮೊದಲು ಕಾಣಬೇಕು.

ಅದಕ್ಕೊಂದು ಪರೀಕ್ಷೆಯುಂಟು. ದೊಡ್ಡ ಚಿತ್ರವೊಂದನ್ನು ತೆರೆದು, ಅದು ಪೂರ್ಣವಾಗಿ ಕಾಣುವವರೆಗೆ ಒಂದು, ಎರಡು ಎಂದು ಎಣಿಸಿರಿ. ವೀಕ್ಷಕ ತಂತ್ರಾಂಶವನ್ನು ಮುಚ್ಚಿ, ಅದೇ ಚಿತ್ರವನ್ನು ಮತ್ತೆ ತೆರೆದು ಎಣಿಸಿರಿ. ಎರಡನೆಯ ಸಲ ಬೇಗ ಬಂದರೆ, ತಡವಾದದ್ದು ಬಹುಮಟ್ಟಿಗೆ ಡಿಸ್ಕಿನಿಂದ ಅಥವಾ ತಂತ್ರಾಂಶವನ್ನು ಮೊದಲು ತೆರೆಯುವುದರಿಂದ. ಎರಡು ಸಲವೂ ಸಮನಾಗಿ ತಡವಾದರೆ, ಚಿತ್ರವನ್ನು ಬಿಡಿಸುವ ಶ್ರಮವೇ ಕಾರಣವೆಂದು ಊಹಿಸಬಹುದು.

ಇನ್ನು ಪರಿಹಾರಗಳು:

೧. ಪೆನ್‌ಡ್ರೈವಿನಿಂದ ನೇರವಾಗಿ ನೋಡದೆ, ಚಿತ್ರಗಳನ್ನು ಮೊದಲು ಯಂತ್ರದೊಳಕ್ಕೆ ನಕಲು ಮಾಡಿಕೊಳ್ಳಿರಿ.

೨. ಬ್ರೌಸರ್ ಮೊದಲಾದ ಇತರ ತಂತ್ರಾಂಶಗಳನ್ನು ಮುಚ್ಚಿರಿ. ಸ್ಮರಣೆ ಸಾಲದಾದಾಗ ಯಂತ್ರವು ಡಿಸ್ಕನ್ನೇ ಸ್ಮರಣೆಯಂತೆ ಬಳಸಿ ಬಹಳ ನಿಧಾನವಾಗುತ್ತದೆ.

೩. ಹಗುರವಾದ ವೀಕ್ಷಕವನ್ನು ಆರಿಸಿರಿ. ವಿಂಡೋಸಿನಲ್ಲಿ ಇರ್ಫಾನ್‌ವ್ಯೂ, ಲಿನಕ್ಸಿನಲ್ಲಿ ಫೆಹ್ ಇಂಥವು.

೪. ಫೋಲ್ಡರಿನಲ್ಲಿ ನೂರಾರು ಚಿತ್ರಗಳಿದ್ದರೆ, ಚಿಕ್ಕ ಪ್ರತಿಚಿತ್ರಗಳ ಬದಲು ಹೆಸರುಗಳ ಪಟ್ಟಿಯನ್ನು ಮಾತ್ರ ತೋರಿಸುವಂತೆ ಮಾಡಿರಿ.

೫. ಉದ್ದನೆಯ ಬದಿ ೧೬೦೦ ಚುಕ್ಕೆಗಳಿರುವಂತೆ ಕಿರಿದಾದ ಪ್ರತಿಗಳನ್ನು ಮಾಡಿಕೊಳ್ಳಿರಿ. ೧೬೦೦ಕ್ಕೆ ೧೨೦೦ ಎಂದರೆ ೧೯,೨೦,೦೦೦ ಚುಕ್ಕೆಗಳು. ಮೂಲದ ಆರನೆಯ ಒಂದು ಪಾಲಿಗಿಂತಲೂ ಕಡಿಮೆ. ಎಲ್ಲಕ್ಕಿಂತ ಫಲಕಾರಿಯಾದ ಉಪಾಯ ಬಹುಶಃ ಇದೇ.

ಆದರೆ ಇಲ್ಲಿಯೇ ಒಂದು ಅಪಾಯವೂ ಉಂಟು. ಕಿರಿದಾದ ಪ್ರತಿಯನ್ನು ಮೂಲದ ಹೆಸರಿನಲ್ಲಿಯೇ ಅದರ ಮೇಲೆ ಉಳಿಸಿದರೆ ಮೂಲವು ಅಳಿದುಹೋಗುತ್ತದೆ. ಕಳೆದ ಚುಕ್ಕೆಗಳನ್ನು ಯಾವ ಯಂತ್ರವೂ ಮರಳಿ ತರಲಾರದು. ನಮ್ಮ ಕಣಿವೆಯಲ್ಲಿ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡ ಕುಟುಂಬಗಳಿವೆ. ಅಜ್ಜಿಯ ಒಂದೇ ಒಂದು ಭಾವಚಿತ್ರ, ಹಳೆಯ ಪತ್ರದ ಹಿಡಿದಿಟ್ಟ ಪ್ರತಿ, ಇವೇ ಅಲ್ಲವೆ ಅವರ ಚರಿತ್ರೆ? ಆದುದರಿಂದ “ಮೂಲ” ಎಂಬ ಫೋಲ್ಡರನ್ನು ಬೇರೆ ಇಡಿರಿ. ಅದರ ಇನ್ನೊಂದು ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿಯೂ ಇಡಿರಿ.

ಪೋಷಕರು ಹೊಸ ಯಂತ್ರಕ್ಕೆ ಹಣ ತೆರುವ ಮುನ್ನ, ಮಕ್ಕಳಿಂದ ಒಮ್ಮೆ ಈ ಪರೀಕ್ಷೆಯನ್ನು ಮಾಡಿಸಲಿ. ಕಾರಣವನ್ನು ಅರಿತು ಮಾಡಿದ ದುರಸ್ತಿಯೇ ಮಿತವ್ಯಯದ ಮೊದಲ ಪಾಠ.