ಕಣ್ಣಿಗೆ ಕಟ್ಟಿದ ಲೋಕ

ಒಂದು ಪೆನ್ಸಿಲನ್ನು ಮೂಗಿನ ನೇರಕ್ಕೆ ಗೇಣು ದೂರದಲ್ಲಿ ಹಿಡಿದು, ಎಡಗಣ್ಣು ಬಲಗಣ್ಣುಗಳನ್ನು ಒಂದಾದ ಮೇಲೊಂದರಂತೆ ಮುಚ್ಚಿ ನೋಡಿದರೆ, ಅದು ಹಿಂದಿನ ಗೋಡೆಯ ಮುಂದೆ ಅತ್ತಿತ್ತ ನೆಗೆದಂತೆ ಕಾಣುತ್ತದೆ. ನಮ್ಮ ಕಣ್ಣುಗಳ ನಡುವೆ ಸುಮಾರು 63 ಮಿಲಿಮೀಟರು ಅಂತರವಿರುವುದರಿಂದ ಅವುಗಳಲ್ಲಿ ಮೂಡುವ ಬಿಂಬಗಳು ಕೊಂಚ ಭಿನ್ನವಾಗಿರುತ್ತವೆ. ದೂರವನ್ನು ಅಳೆಯಲು ಮಿದುಳಿಗೆ ಈ ಭೇದವೇ ಒಂದು ಮುಖ್ಯ ಆಧಾರವೆಂಬುದನ್ನು 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿಜ್ಞಾನಿಯು ತೋರಿಸಿಕೊಟ್ಟನು. ಕನ್ನಡಿಗಳ ಸಹಾಯದಿಂದ ಒಂದೊಂದು ಕಣ್ಣಿಗೆ ಒಂದೊಂದು ರೇಖಾಚಿತ್ರವನ್ನು ಒದಗಿಸಿದಾಗ, ಎರಡೂ ಕೂಡಿ ಘನವಸ್ತುವಾಗಿ ಕಂಡವು. ಇಂದು ಆಟಕ್ಕಾಗಿ ತಲೆಗೆ ಕಟ್ಟಿಕೊಳ್ಳುವ ವಿ. ಆರ್. ಹೆಡ್‌ಸೆಟ್ಟು ಆ ಉಪಕರಣದ ವಂಶದ್ದೇ.

2016ರಲ್ಲಿ ಮಾರುಕಟ್ಟೆಗೆ ಬಂದ ‘ಆಕ್ಯುಲಸ್ ರಿಫ್ಟ್’ ಎಂಬುದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಪ್ರತಿ ಕಣ್ಣಿಗೂ 1080 × 1200 ಬಿಂದುಗಳ ಒಂದೊಂದು ಪರದೆಯಿತ್ತು. ಆದರೆ 25 ಸೆಂಟಿಮೀಟರಿಗಿಂತ ಬಹಳ ಹತ್ತಿರದ ವಸ್ತುವನ್ನು ಬರಿಗಣ್ಣು ಸುಲಭವಾಗಿ ನೋಡಲಾರದು. ಆದುದರಿಂದ ನಡುವೆ ಪೀನಮಸೂರವನ್ನಿಡುತ್ತಾರೆ. ಲೆಕ್ಕಕ್ಕಾಗಿ, ಮಸೂರದ ಸಂಗಮದೂರ 4 ಸೆಂಟಿಮೀಟರೆಂದೂ ಪರದೆಯು ಅದರಿಂದ 3.9 ಸೆಂಟಿಮೀಟರು ದೂರದಲ್ಲಿದೆಯೆಂದೂ ಭಾವಿಸೋಣ. ಶಾಲೆಯಲ್ಲಿ ಕಲಿತ ಮಸೂರಸೂತ್ರದಂತೆ ಮಿಥ್ಯಾಬಿಂಬವು 156 ಸೆಂಟಿಮೀಟರು ದೂರಕ್ಕೆ ಹೋಗಿ ನಿಲ್ಲುತ್ತದೆ! ವಾಚಕರು ತಾವೇ ಗಣಿಸಿ ನೋಡಬಹುದು.

ಈ ಲಾಭಕ್ಕೆ ಬೆಲೆಯೂ ಉಂಟು. 1080 ಬಿಂದುಗಳು ಸುಮಾರು 90 ಡಿಗ್ರಿ ದೃಷ್ಟಿಕೋನಕ್ಕೆ ಹರಡಿದರೆ ಡಿಗ್ರಿಗೆ 12 ಬಿಂದುಗಳಾದವು. ಚುರುಕಾದ ಕಣ್ಣು ಡಿಗ್ರಿಗೆ 60ರಷ್ಟನ್ನು ಬೇರ್ಪಡಿಸಬಲ್ಲುದು. ಆದಕಾರಣ ದೃಶ್ಯವು ಸೊಳ್ಳೆಪರದೆಯ ಮೂಲಕ ಕಂಡಂತಿತ್ತು. ಮುಂದಿನ ಹೆಡ್‌ಸೆಟ್ಟುಗಳಲ್ಲಿ ಬಿಂದುಗಳು ಹೆಚ್ಚಿ ಈ ಕೊರತೆ ಬಹುಮಟ್ಟಿಗೆ ತಗ್ಗಿದೆ. ಮಸೂರವು ಚಿತ್ರದ ಮೂಲೆಗಳನ್ನು ಹೊರಕ್ಕೆ ಎಳೆಯುವುದು ಇನ್ನೊಂದು ದೋಷ. ಇದಕ್ಕೆ ಗಣಕವು ಚಿತ್ರವನ್ನು ಮೊದಲೇ ಪೀಪಾಯಿಯಂತೆ ಉಬ್ಬಿಸಿ ಬರೆಯುತ್ತದೆ; ಎರಡು ವಕ್ರತೆಗಳು ಸೇರಿ ಗೆರೆ ನೇರವಾಗುತ್ತದೆ.

ಇಷ್ಟರಿಂದ ದೊರೆಯುವುದು ನಿಶ್ಚಲ ಚಿತ್ರ ಮಾತ್ರ. ತಲೆ ತಿರುಗಿದಂತೆ ಲೋಕವೂ ತಿರುಗಬೇಡವೆ? 1968ರಲ್ಲಿ ಅಮೆರಿಕದ ಐವನ್ ಸದರ್‌ಲೆಂಡ್ ಎಂಬವರು ನಿರ್ಮಿಸಿದ ಯಂತ್ರದಲ್ಲಿ, ಛಾವಣಿಯಿಂದ ಇಳಿಬಿದ್ದ ಲೋಹದ ತೋಳೊಂದು ತಲೆಯ ಚಲನೆಯನ್ನು ಅಳೆಯುತ್ತಿದ್ದಿತು. ರಿಫ್ಟಿನಲ್ಲಿ ಆ ಕೆಲಸವನ್ನು ಸೂಕ್ಷ್ಮ ಗೈರೋಸ್ಕೋಪು ಮತ್ತು ವೇಗೋತ್ಕರ್ಷಮಾಪಕಗಳು ಮಾಡಿದವು. ಹೆಡ್‌ಸೆಟ್ಟಿನ ಮೇಲಿನ ಅವಕೆಂಪು ದೀಪಗಳನ್ನು ಮೇಜಿನ ಮೇಲಿನ ಕ್ಯಾಮೆರಾ ಗಮನಿಸಿ ತಪ್ಪುಗಳನ್ನು ತಿದ್ದಿತು. ಚಿತ್ರವು ಸೆಕೆಂಡಿಗೆ 90 ಸಲ ಬದಲಾಗುತ್ತಿದ್ದಿತು. ಇಷ್ಟು ಆತುರವೇಕೆಂದರೆ, ತಲೆಯು ಸೆಕೆಂಡಿಗೆ 100 ಡಿಗ್ರಿ ತಿರುಗುತ್ತಿರುವಾಗ ಚಿತ್ರ 20 ಮಿಲಿಸೆಕೆಂಡು ತಡವಾದರೂ ಲೋಕವು 2 ಡಿಗ್ರಿ ಹಿಂದುಳಿಯುತ್ತದೆ. ನಾಲ್ಕು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಂತರವದು.

ಇನ್ನೂ ಎರಡು ವಿರೋಧಗಳು ಉಳಿದಿವೆ. ಆಟದಲ್ಲಿ ಚೆಂಡೊಂದು ಮುಖದ ಬಳಿಗೆ ಬಂದರೆ ಎರಡೂ ಕಣ್ಣುಗಳು ಒಳಮುಖವಾಗಿ ತಿರುಗುತ್ತವೆ. ಆದರೆ ಬಿಂಬವು ಇದ್ದಲ್ಲೇ ಇರುವುದರಿಂದ ಕಣ್ಣಿನ ಮಸೂರವು ದೂರಕ್ಕೇ ಹೊಂದಿಕೊಂಡಿರಬೇಕಾಗುತ್ತದೆ. ಹುಟ್ಟಿನಿಂದ ಜೊತೆಯಾಗಿ ದುಡಿದ ಎರಡು ಕ್ರಿಯೆಗಳನ್ನು ಹೀಗೆ ಅಗಲಿಸುವುದರಿಂದ ಕಣ್ಣು ದಣಿಯುತ್ತದೆ. ಮಾರುಕಟ್ಟೆಯ ಸಾಮಾನ್ಯ ಹೆಡ್‌ಸೆಟ್ಟುಗಳಲ್ಲಿ ಇದಕ್ಕೆ ಪರಿಹಾರವಿಲ್ಲ.

ಎರಡನೆಯದು ಕಿವಿಗೆ ಸಂಬಂಧಿಸಿದ್ದು. ಒಳಗಿವಿಯ ಅಂಗಗಳು ದೇಹದ ಚಲನೆಯನ್ನು ಅರಿಯುತ್ತವೆ. ಅಂಕುಡೊಂಕಿನ ದಾರಿಯಲ್ಲಿ ಬಸ್ಸಿನೊಳಗೆ ಓದುವವನಿಗೆ ಕಿವಿ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ, ಪುಟದ ಮೇಲಿನ ಕಣ್ಣು ‘ಇಲ್ಲ’ ಎನ್ನುತ್ತದೆ. ಹೆಡ್‌ಸೆಟ್ಟಿನಲ್ಲಿ ಇದು ತಿರುಗುಮುರುಗು: ಕುರ್ಚಿಯಲ್ಲಿ ಕುಳಿತವನ ಕಣ್ಣು ಓಡುತ್ತಿದೆ, ಕಿವಿ ನಿಂತಿದೆ. ಎರಡರ ಫಲವೂ ವಾಕರಿಕೆಯೇ. ಹೊಸಬರು ಇದನ್ನು ತಮ್ಮ ದೌರ್ಬಲ್ಯವೆಂದು ಬಗೆದು ಹಟದಿಂದ ಆಡಬಾರದು, ತೆಗೆದಿಟ್ಟು ವಿಶ್ರಮಿಸಬೇಕು. ಇದನ್ನರಿತ ಎಷ್ಟೋ ಆಟಗಳಲ್ಲಿ ನಡಿಗೆಯನ್ನೇ ಕೈಬಿಟ್ಟಿದ್ದಾರೆ. ಆಟಗಾರನು ಬೇಕಾದ ಸ್ಥಳವನ್ನು ಕೈಯಿಂದ ತೋರಿದೊಡನೆ ಅಲ್ಲಿನ ನೋಟವೇ ಎದುರಿಗೆ ಬರುತ್ತದೆ. ನಡುವಿನ ದಾರಿಯನ್ನು ಕಣ್ಣಿಗೆ ತೋರಿಸುವುದೇ ಇಲ್ಲ.